ಗೆರೆಯೊಳಗೆ ಒಂದು ಹೆಜ್ಜೆ

ಜರ್ಮನಿಯ ಮ್ಯಾನ್‌ಹೈಮ್ ಪಕ್ಕದ ಸಣ್ಣ ಊರೊಂದರ ಬಾಸ್ಕೆಟ್‌ಬಾಲ್ ಕ್ಲಬ್ಬಿಗೆ ಗುಂಟಿಸ್ ಕೋಚ್. ಹುಟ್ಟಿದ್ದು ಲಾಟ್ವಿಯಾದ ಕಡಲತೀರದ ಲಿಯೆಪಾಯಾದಲ್ಲಿ. ಹರೆಯದಲ್ಲಿ ಜರ್ಮನಿಗೆ ಆಡಲು ಬಂದ, ಎರಡು ವರ್ಷ ಮಿಂಚಿದ, ಮೂರನೆಯ ವರ್ಷ ಮಂಡಿ ಹೋಯಿತು. ಓದಿರಲಿಲ್ಲ, ಬೇರೆ ಕಸುಬು ಗೊತ್ತಿರಲಿಲ್ಲ. ಆಡಲಾರದವನು ಆಡಿಸುವವನಾದ. ತಂಡ ಸೋತರೆ ಮೊದಲು ಮನೆಗೆ ಹೋಗುವವನು ಕೋಚೇ. ಕೆಟ್ಟು ಪಟ್ಟಣ ಸೇರು ಅಂತಾರೆ. ಇವನು ಕೆಟ್ಟಷ್ಟೂ ಸಣ್ಣ ಊರು ಸೇರುತ್ತ ಬಂದ. ಐವತ್ತು ದಾಟಿದ ಮೇಲೆ ಇಲ್ಲಿಗೆ ಬಂದು ನಿಂತ. ಇದಕ್ಕಿಂತ ಕೆಳಗೆ ಸಂಬಳ ಕೊಡುವ ಕ್ಲಬ್ಬೇ ಇರಲಿಲ್ಲ.

ಈ ವಸಂತದ ಕೊನೆಯ ಪಂದ್ಯ ಗೆದ್ದರೆ ತಂಡ ಅದೇ ದರ್ಜೆಯಲ್ಲಿ ಉಳಿಯುತ್ತಿತ್ತು, ಅವನ ಕೆಲಸವೂ ಉಳಿಯುತ್ತಿತ್ತು. ಸೋತರೆ ಎರಡೂ ಇಲ್ಲ. ಕ್ಲಬ್ಬಿನ ಅಧ್ಯಕ್ಷೆ ಇದನ್ನು ಕಾಫಿ ಕೊಡುತ್ತಲೇ ನಯವಾಗಿ ಹೇಳಿದ್ದಳು. ಈ ದೇಶದಲ್ಲಿ ಕತ್ತು ಕೊಯ್ಯುವವರೂ ಮೊದಲೇ ಸಮಯ ಗೊತ್ತುಮಾಡಿಕೊಂಡೇ ಕೊಯ್ಯುತ್ತಾರೆ.

ಕೊನೆಯ ಗಳಿಗೆಯಲ್ಲಿ ಹುಡುಗರು ಒಂದು ಅಂಕ ಮುಂದಿದ್ದರು. ಎದುರಾಳಿಯ ಕೈಗೆ ತಗುಲಿದ ಚೆಂಡು ಗುಂಟಿಸ್‌ನತ್ತ ಹಾರಿತು. ಸುಮ್ಮನೆ ನಿಂತಿದ್ದರೆ ಅದು ಗೆರೆಯಾಚೆ ಬಿದ್ದು ಇವರದೇ ಚೆಂಡಾಗುತ್ತಿತ್ತು, ಪಂದ್ಯ ಮುಗಿಯುತ್ತಿತ್ತು. ಆಟ ನಡೆಯುವಾಗ ಕೋಚ್ ಚೆಂಡು ಮುಟ್ಟಬಾರದು, ಇದು ಮಕ್ಕಳಿಗೂ ಗೊತ್ತು. ಆದರೆ ಹುಟ್ಟಾ ಆಟಗಾರನ ಕೈ ಯಾರ ಮಾತು ಕೇಳುತ್ತದೆ? ಗೆರೆಯೊಳಗೆ ಒಂದು ಹೆಜ್ಜೆಯಿಟ್ಟು, ಎರಡೂ ಕೈ ಚಾಚಿ, ಬಲು ಅಂದವಾಗಿ ಹಿಡಿದುಬಿಟ್ಟ.

ಸೀಟಿ ಕೂಗಿತು. ಪಕ್ಕದಲ್ಲಿ ತಂಡದ ಮ್ಯಾನೇಜರ್ ದ್ವಾರಕನಾಥ ತಲೆಯ ಮೇಲೆ ಕೈಹೊತ್ತ. ಮೈಸೂರಿನವನು, ಹತ್ತಿರದ ವಾಲ್‌ಡಾರ್ಫ್‌ನಲ್ಲಿ ಸಾಫ್ಟ್‌ವೇರ್ ಕೆಲಸ. ಮಗ ಆಡುತ್ತಾನೆಂದು ಈ ಚಾಕರಿ ಹೊತ್ತವನು.

"ಇದೇನ್ ಮಾಡ್ಬಿಟ್ರಪ್ಪಾ ಇವ್ರು," ಎಂದು ತನ್ನಷ್ಟಕ್ಕೆ ಗೊಣಗಿದ.

ತಪ್ಪಿಗೆ ಎದುರಾಳಿಗೆ ಒಂದು ಫ್ರೀ ಥ್ರೋ ಸಿಕ್ಕಿತು, ಅಂಕ ಸಮವಾಯಿತು. ಹೆಚ್ಚುವರಿ ಆಟದಲ್ಲಿ ಹುಡುಗರು ಸೋತರು.

ಎಲ್ಲರೂ ಹೊರಟರೂ ಗುಂಟಿಸ್ ಬೆಂಚಿನಿಂದ ಏಳಲಿಲ್ಲ. ನಾಚಿಕೆಗಿಂತ ಹೆಚ್ಚಾಗಿ ಅವನಿಗೆ ಭಯವಾಗಿತ್ತು. ದ್ವಾರಕನಾಥ ಬಂದು ಪಕ್ಕದಲ್ಲಿ ಕೂತು, ಜರ್ಮನ್‌ನಲ್ಲಿ ಸಮಾಧಾನ ಹೇಳಿದ: "ಯಾರಾಗಿದ್ದರೂ ಹಿಡಿದುಬಿಡುತ್ತಿದ್ದರು, ಕೋಚ್."

ಗುಂಟಿಸ್ ತಲೆ ಎತ್ತಲಿಲ್ಲ. "ನಿಮ್ಮ ಆಫೀಸಿನಲ್ಲಿ ನನಗೇನಾದರೂ ಕೆಲಸ ಸಿಗುತ್ತದೆಯೇ? ಬಾಗಿಲು ಕಾಯುವುದಾದರೂ ಸರಿ. ಕೂತು ಕಾಯುವಂತಿದ್ದರೆ ಒಳ್ಳೆಯದು, ಮಂಡಿ ಹೀಗಿದೆ."

ದ್ವಾರಕನಾಥ ಅವನ ಮಂಡಿಯತ್ತ ನೋಡಿದ. "ಕೇಳಿ ನೋಡುತ್ತೇನೆ, ಕೋಚ್."

"ಅಲ್ಲಿ ಕೇಳುವಾಗ ಕೋಚ್ ಎನ್ನಬೇಡಿ," ಎಂದ ಗುಂಟಿಸ್. "ಬೇರೆ ಯಾವ ಕೆಲಸವೂ ಬಾರದವನು ಅಂತ ತಿಳಿದುಬಿಡುತ್ತದೆ."