ಕ್ಯಾಪ್ಟನ್ ಜಾಕೆಟ್ಟಿನ ಪಟ್ಟೆ

ಪವರ್‌ಲೂಮ್ ರಿಪೇರಿಗೆಂದು ದೊಡ್ಡಬಳ್ಳಾಪುರದ ನಾಗರತ್ನಮ್ಮನವರ ಮನೆಗೆ ಹೋಗಿದ್ದೆ. ಅರವತ್ತು ದಾಟಿದ ಹೆಂಗಸು, ಈಗಲೂ ಸೀರೆ ನೇಯುತ್ತಾರೆ. ಮಗ್ಗದ ಎದುರಿನ ಟಿವಿಯಲ್ಲಿ ಅಂತರಿಕ್ಷ ನೌಕೆಯ ಧಾರಾವಾಹಿ ಬರುತ್ತಿತ್ತು. ನಾನು ಕಾಲೇಜು ದಿನಗಳಿಂದ ಅದನ್ನು ಒಂದು ಕಂತೂ ಬಿಡದೆ ನೋಡಿದವನು. ಹಿಂದಿನ ವಾರವಷ್ಟೇ ನೌಕೆಯ ಕ್ಯಾಪ್ಟನ್ ಸತ್ತಿದ್ದ. ನಮ್ಮ ಅಭಿಮಾನಿಗಳ ವಾಟ್ಸಾಪ್ ಗುಂಪು ಸೂತಕದ ಮನೆಯಂತಾಗಿತ್ತು.

“ಒಳ್ಳೆ ಮನುಷ್ಯ, ಹೋಗ್ಬಿಟ್ಟ,” ಅಂದೆ.

“ಅವನೆಲ್ಲಿ ಸತ್ತ? ಸತ್ತಿದ್ದು ಬೇರೆಯವನು ಕಣಪ್ಪಾ.”

“ಅದೇ ಮುಖ ಇತ್ತಲ್ಲಮ್ಮಾ?”

“ಮುಖ ನೀನು ನೋಡು, ನಾನು ಬಟ್ಟೆ ನೋಡ್ತೀನಿ. ಮಗ್ಗ ಓಡ್ವಾಗ ಮಾತೆಲ್ಲಿ ಕೇಳುತ್ತೆ? ನಮ್ ಕ್ಯಾಪ್ಟನ್ ಜಾಕೆಟ್ಟಿಗೆ ಪಟ್ಟೆ ಎಡಗಡೆ. ಸತ್ತೋನಿಗೆ ಬಲಗಡೆ ಇತ್ತು.”

ಸ್ಪ್ಯಾನರ್ ಕೆಳಗಿಟ್ಟು ಫೋನಿನಲ್ಲಿ ಆ ಕಂತು ಹಾಕಿದೆ. ಇಬ್ಬರೂ ತಲೆಗೆ ತಲೆ ತಾಗಿಸಿ ನೋಡಿದೆವು. ಪಟ್ಟೆ ಬಲಗಡೆಯೇ ಇತ್ತು. ಖುಷಿಗೆ ಕೂತಲ್ಲೇ ಗುಂಪಿಗೆ ಬರೆದು ಹಾಕಿದೆ. ಯಾರೋ ದರ್ಜಿ ಮಾಡಿದ ತಪ್ಪು ಅಂತ ಎಲ್ಲರೂ ನಕ್ಕರು.

ಮೂರು ವಾರದ ನಂತರ ನಿಜವಾದ ಕ್ಯಾಪ್ಟನ್ ಶತ್ರುಗಳ ಸೆರೆಮನೆಯಿಂದ ಹೊರಬಂದ. ಕಂತು ಮುಗಿದ ತಕ್ಷಣ ನಾಗರತ್ನಮ್ಮನವರಿಗೆ ಫೋನ್ ಮಾಡಿದೆ.

“ಅಮ್ಮಾ, ನೀವು ಹೇಳಿದ್ದೇ ಆಯ್ತು. ಬಂದ.”

“ನೋಡ್ದೆ ಕಣಪ್ಪಾ. ತುಂಬಾ ಸೊರಗಿದ್ದಾನೆ. ಅಲ್ಲಿ ಸರಿಯಾಗಿ ಊಟ ಹಾಕಿಲ್ಲ ಅನ್ಸುತ್ತೆ,” ಅಂದರು.

ಗುಂಪಿನವರು ಈಗ ಏನೇ ಅನುಮಾನ ಬಂದರೂ ನನ್ನನ್ನೇ ಕೇಳುತ್ತಾರೆ. ನಾಗರತ್ನಮ್ಮನವರ ಹೆಸರು ಹೇಳಬೇಕು ಅಂತ ನಾನೂ ದಿನಾ ಅಂದುಕೊಳ್ಳುತ್ತೇನೆ.