ಭರತಿ ಬರೆಯದ ಪುಸ್ತಕ

ಗಂಗಾವಳಿ ಹೊಳೆಗೆ ಸೇತುವೆಯಿಲ್ಲದ ಆ ವರ್ಷಗಳಲ್ಲಿ ನನ್ನನ್ನು ನಾನು ಕಲಿಸುತ್ತಿದ್ದ ಶಾಲೆಯ ದಡಕ್ಕೆ ದಾಟಿಸುತ್ತಿದ್ದ ತಾರಿ ದೋಣಿಯ ಅಜ್ಜನಿಗೆ ಓದು ಬರುತ್ತಿರಲಿಲ್ಲ. ಆದರೂ ನಾನು ಓದುತ್ತಿದ್ದ ದೋಣಿಯಾನದ ಪುಸ್ತಕಗಳಲ್ಲಿ ಯಾವುದು ಒಳ್ಳೆಯದೆಂದು ತೀರ್ಮಾನಿಸುತ್ತಿದ್ದವನು ಅವನೇ. ನಾನು ಅವುಗಳ ಕತೆ ಹೇಳಿದರೆ ಹುಟ್ಟು ಹಾಕುತ್ತಲೇ ಕೇಳುತ್ತಿದ್ದ: “ಭರತಿ ಯಾವಾಗ, ಇಳಿತ ಯಾವಾಗ ಅಂತ ಬರ್ದಿದ್ನ್ರಾ, ಮಾಸ್ತರ್ರೆ?”

ಒಮ್ಮೆ, ಸಮುದ್ರದಿಂದ ನದಿಯೊಳಗೆ ಬರಲು ದೋಣಿಯಲ್ಲಿ ಒಬ್ಬನೇ ಅರ್ಧ ದಿನ ಎದುರು ಹರಿವಿನೊಂದಿಗೆ ಹೋರಾಡಿದವನ ಪುಸ್ತಕವನ್ನು ಹೊಗಳಿ, ವಾದಕ್ಕೇ ನಿಂತೆ. ಅಜ್ಜ ನಡುಹೊಳೆಯಲ್ಲಿ ಹುಟ್ಟನ್ನು ತೊಡೆಯ ಮೇಲಿಟ್ಟು ಎಲೆಯಡಿಕೆಯ ಕವಳ ಹಾಕಿದ. ದೋಣಿ ಹೊಳೆ ಕಡಲು ಸೇರುವ ಅಳಿವೆಯತ್ತ ಜಾರತೊಡಗಿತು. ನಾನು ಅಂಚನ್ನು ಬಿಗಿಯಾಗಿ ಹಿಡಿದೆ. ಬಹಳ ಹೊತ್ತಿನ ಮೇಲೆ ಅವನು ನೀರಿಗೆ ಬೆರಳದ್ದಿ, “ಈಗ” ಎಂದ.

ದೋಣಿ ನಿಂತಿತು. ಆಮೇಲೆ ಕಡಲಿನಿಂದ ಏರಿಬಂದ ಭರತಿಯ ನೀರಿನಲ್ಲಿ ತಾನಾಗಿಯೇ ಒಳಮುಖವಾಗಿ ಹೊರಟಿತು. ಇಡೀ ಹೊಳೆ ತಿರುಗುವುದನ್ನು ನಾನು ಕಂಡದ್ದು ಅಂದೇ.

“ಆ ಪುಸ್ತಕದವ್ನಿಗೆ ಕಾಯೂಕೆ ಬರೂದಿಲ್ಲ,” ಎಂದ ಅಜ್ಜ. “ಬೇರೆ ಪುಸ್ತಕ ತನ್ನಿ.”