ಒಲೆಯ ಆಚೆಬದಿಯ ಗೋಡೆ

ಹಾಸನದ ಚಳಿಯನ್ನು ಚಳಿ ಎಂದರೆ ಊಟಿ, ಶಿಮ್ಲಾ ನೋಡಿ ಬಂದವರು ನಗುತ್ತಾರೆ. ನಗಲಿ. ಮೊಣಕಾಲು ಮುಚ್ಚದ ಸ್ಕರ್ಟ್ ಹಾಕಿಕೊಂಡು, ಡಿಸೆಂಬರಿನ ಮಂಜಿನಲ್ಲಿ ಹಲ್ಲು ಕಟಕಟ ಎನ್ನುತ್ತ ಕಾನ್ವೆಂಟಿನ ಅಸೆಂಬ್ಲಿಯಲ್ಲಿ ಪ್ರೇಯರ್ ಹೇಳಿದ ನಮ್ಮಂಥವರನ್ನು ಕೇಳಬೇಕು. ರಜೆಗೆ ಅಪ್ಪನ ಊರಿಗೆ ಹೋದರೆ ಇನ್ನೂ ಚಳಿ. ಹಳ್ಳಿಮೈಸೂರು ದಾಟಿ ಅರಕಲಗೂಡಿನ ಕಡೆಗೆ ಹೋಗುವ ದಾರಿಯಲ್ಲಿದೆ ಆ ಊರು. ಅಲ್ಲಿ ಚಿಕ್ಕಮ್ಮ, ಅಂದರೆ ಅಪ್ಪನ ತಮ್ಮನ ಹೆಂಡತಿ, ನನ್ನನ್ನು ತನ್ನ ಕಂಬಳಿಯೊಳಗೆ ಎಳೆದುಕೊಂಡು ಕೂರುತ್ತಿದ್ದಳು. ನನಗಿಂತ ಹನ್ನೆರಡೇ ವರ್ಷ ದೊಡ್ಡವಳು. ಆ ಕಂಬಳಿಯ ಕುರಿವಾಸನೆ ಈಗಲೂ ಮೂಗಿನಲ್ಲಿದೆ.

ಕೆಲವು ವರ್ಷಗಳ ಹಿಂದೆ ಊರಿನವರು ಸಮುದಾಯ ಭವನ ಕಟ್ಟಲು ಹೊರಟು, ಪ್ಲಾನ್ ಬರೆದುಕೊಡಿ ಎಂದು ನನ್ನನ್ನು ಕೇಳಿದರು. ಮೈಸೂರಿನಲ್ಲಿ ಆರ್ಕಿಟೆಕ್ಟ್ ಆಗಿ ಯಾರ‍್ಯಾರದೋ ಮನೆ ಬರೆದು ರಿಟೈರ್ ಆಗಿ, ಹಾಸನಕ್ಕೆ ವಾಪಸ್ಸು ಬಂದು ಸುಮ್ಮನೆ ಕೂತಿದ್ದೆ. ಅಪ್ಪನ ಊರಿಗೊಂದು ಬಿಲ್ಡಿಂಗ್! ಸೀದಾ ಚಿಕ್ಕಮ್ಮನ ಬಳಿಗೆ ಹೋಗಿ ಏನು ಬೇಕೆಂದು ಕೇಳಿದೆ. ಅವಳಿಗೆ ಆಗಲೇ ಎಂಬತ್ತು ದಾಟಿತ್ತು. ಗೂರಲು ಬೇರೆ. ಚಳಿ ಹಿಡಿಯಿತೆಂದರೆ ಕೆಮ್ಮಿ ಕೆಮ್ಮಿ ಸುಸ್ತಾಗುತ್ತಿದ್ದಳು.

"ಭವ್ನ ಗಿವ್ನ ಮದ್ವೆ ಮಾಡೋರ್ಗಿರ್ಲಿ ಬುಡವ್ವ. ನಮ್ಗೆ ಬೆಳಿಗ್ಗೆ ಒತ್ತು ಬೆಚ್ಚಗೆ ಕುಂತ್ಕಳಕ್ಕೆ ಒಂದ್ ಜಾಗ ಮಾಡ್ಕೊಡು. ನಾವ್ ನಾಕ್ ಜನ ಮುದ್ಕೀರು ಒಬ್ರ ಮೊಕ ಒಬ್ರು ನೋಡಿ ತಿಂಗ್ಳಾಯ್ತು. ಎಲ್ರೂವೆ ಅವರವರ ಮನೇಲಿ ಮುದುರ್ಕಂಡು ಬಿದ್ದವ್ರೆ."

ಇಷ್ಟು ಸಣ್ಣ ಬೇಡಿಕೆಯನ್ನು ಯಾವ ಕ್ಲೈಂಟೂ ನನ್ನ ಮುಂದೆ ಇಟ್ಟಿರಲಿಲ್ಲ.

ಊರ ಮಣ್ಣಿನ ಇಟ್ಟಿಗೆ, ಕೆಡವಿದ ಹಳೇ ಮನೆಗಳ ಹೆಂಚು ಮತ್ತು ಬಾಗಿಲು, ಮಾಡಿನ ನೀರು ಇಳಿಯಲು ಒಂದು ತೊಟ್ಟಿ, ಎಲ್ಲ ಬರೆದೆ. ಆದರೆ ನನ್ನ ಜೀವವೆಲ್ಲ ಇದ್ದದ್ದು ಒಂದು ಜಗಲಿಯಲ್ಲಿ. ಸೈಟಿನ ಪೂರ್ವಕ್ಕೆ ನೀರಿನ ಟ್ಯಾಂಕು, ದಕ್ಷಿಣಕ್ಕೆ ಎರಡಂತಸ್ತಿನ ಮನೆ. ಚಳಿಗಾಲದ ಎಳೆಬಿಸಿಲು ಅವೆರಡರ ಸಂದಿಯಲ್ಲಿ ನುಸುಳಿ ಬೀಳುವುದು ಆಗ್ನೇಯದ ಮೂಲೆಗೆ ಮಾತ್ರ. ಜಗಲಿಯನ್ನು ಅಲ್ಲಿಟ್ಟು, ಅಡುಗೆಕೋಣೆಯನ್ನು ಹಿಂದಕ್ಕೆ ತಳ್ಳಿದೆ. ಐ ವಾಸ್ ಸೋ ಪ್ರೌಡ್.

ಊರವರ ಮುಂದೆ ಪ್ಲಾನ್ ಹಾಸಿದ ದಿನ ಯಜಮಾನರೊಬ್ಬರು ಕನ್ನಡಕ ಏರಿಸಿ ನೋಡಿದರು. "ಅಕ್ಕೋರೆ, ಎಲ್ಲಾ ಚೆನ್ನಾಗದೆ. ಆಗ್ನೇಯ್ದಲ್ಲಿ ಒಲೇನೇ ಇಲ್ವಲ್ಲ?"

ನಾನು ಸೂರ್ಯನ ದಾರಿ, ನೆರಳಿನ ಲೆಕ್ಕ ಎಂದು ದೊಡ್ಡ ಲೆಕ್ಚರ್ ಕೊಟ್ಟು, ಬೆಂಬಲಕ್ಕಾಗಿ ಚಿಕ್ಕಮ್ಮನ ಕಡೆ ತಿರುಗಿದೆ. ಅವಳು ಕೆನ್ನೆಯ ಮೇಲೆ ಕೈಯಿಟ್ಟುಕೊಂಡಿದ್ದಳು.

"ಅಗ್ನಿ ಮೂಲೇಲಿ ಒಲೆ ಇಕ್ದೆ ಮುದ್ಕೀರ್ನ ಇಕ್ಕೀಯಾ? ನಾವೇನ್ ಸೌದೆನಾ?"

ಎಲ್ಲರೂ ಗೊಳ್ಳೆಂದರು. ನನಗೆ ಅಳುವೇ ಬಂತು. "ನಿನ್ಗೋಸ್ಕರ ತಾನೇ ಬರ್ದಿದ್ದು, ಚಿಕ್ಕಮ್ಮ!"

"ಗೊತ್ತು ಕಣ್ಮಗಾ. ನಾಳೆ ಯಾರ್ದಾರ ಮದ್ವೇಲಿ ಅನ್ನ ಸೀದೋದ್ರೆ, ಈ ಮುದ್ಕಿ ಬಿಸ್ಲು ಕಾಯ್ಸಕ್ಕೆ ಅಂತ ಒಲೆ ಕಿತ್ತಾಕ್ಸುದ್ಲು ಅಂತಾರೆ. ಆ ಮಾತು ನಂಗ್ ಬ್ಯಾಡ."

ದಾರಿ ತೋರಿಸಿದವರು ಮೇಸ್ತ್ರಿ. "ಅಮ್ಮಾರೆ, ಒಗೆಸೊಪ್ಪು ಬೇಯ್ಸೋ ಬ್ಯಾರನ್ ಮನೆ ಗ್ವಾಡೆಗೆ ಯಾವತ್ತಾರ ಒರಗಿದ್ದೀರಾ? ಒಳ್ಗಡೆ ಬೆಂಕಿ, ಈಚೆ ಕಡೆ ಕುಂತೋರ್ಗೆ ನಿದ್ದೆ." ಹೌದಲ್ಲ! ಬೆಂಕಿ ಆಗ್ನೇಯದಲ್ಲೇ ಇರಲಿ. ಒಲೆಯ ಆಚೆಬದಿಯ ಗೋಡೆಗೆ ಜಗಲಿ ಇರಲಿ. ಮದುವೆ ಇರಲಿ ಬಿಡಲಿ, ಮಹಿಳಾ ಸಂಘದವರು ಹುರಿಹಿಟ್ಟಿಗೆ ರಾಗಿ ಹುರಿಯಲು ದಿನಾ ಬೆಳಿಗ್ಗೆ ಆ ಒಲೆ ಹಚ್ಚುವುದೆಂದಾಯಿತು. ಕಾಳು ಬಿಡಿಸಿದ ಜೋಳದ ದಿಂಡು ಊರ ತುಂಬ ಬಿದ್ದಿತ್ತು, ಅದೇ ಉರುವಲು. ಮೇಸ್ತ್ರಿ ಗೋಡೆಗೆ ಒಂದಡಿ ಸಾಕೆಂದರು. ಥರ್ಮಲ್ ಮಾಸ್, ಅಂದರೆ ಬಿಸಿ ಹಿಡಿದಿಡುವ ಮಣ್ಣು, ಹೆಚ್ಚಿದ್ದಷ್ಟೂ ಬೆಚ್ಚಗೆ ಎಂದು ನಾನು ಹಟ ಹಿಡಿದು ಒಂದೂವರೆ ಅಡಿ ಮಾಡಿಸಿದೆ.

ಮೊದಲ ಚಳಿಗಾಲದ ಒಂದು ಬೆಳಿಗ್ಗೆ ನಾಲ್ವರೂ ಮುದುಕಿಯರು ಬಂದು ಗೋಡೆಗೆ ಬೆನ್ನು ಕೊಟ್ಟು ಸಾಲಾಗಿ ಕೂತರು. ಒಳಗೆ ರಾಗಿ ಚಟಪಟ ಎನ್ನುತ್ತಿತ್ತು, ಘಮ ಬರುತ್ತಿತ್ತು. ಗೋಡೆ ಮಾತ್ರ ತಣ್ಣಗೆ. ಅರ್ಧ ಗಂಟೆ ಆಯಿತು, ಒಂದು ಗಂಟೆ ಆಯಿತು.

"ಇದೇನವ್ವ ನಿನ್ ಗ್ವಾಡೆ," ಎಂದಳು ಚಿಕ್ಕಮ್ಮ, "ನಂತಾವ ಇರೋ ಬಿಸೀನೂವೆ ಅದೇ ಈರ್ಕತಾ ಅದೆ."

ಒಬ್ಬೊಬ್ಬರಾಗಿ ಎದ್ದು ಹೋದರು. ಚಿಕ್ಕಮ್ಮ ಕೆಮ್ಮು ಹತ್ತಿ ಒಂದು ವಾರ ಮಲಗಿದಳು. ನಾನು ಹಾಸನಕ್ಕೆ ಬಂದು ಬಿದ್ದುಕೊಂಡೆ. ಕಟ್ಟಿದ ಗೋಡೆಯನ್ನು ರಬ್ಬರಿನಲ್ಲಿ ಅಳಿಸಲಾಗುವುದಿಲ್ಲವಲ್ಲ. ಅವಳಿಗೆ ಫೋನ್ ಮಾಡಲೂ ಮುಖವಿರಲಿಲ್ಲ.

ಕೊನೆಗೆ ಫೋನ್ ಮಾಡಿದ್ದು ಅವಳೇ. "ಲೇ ಮಗಾ, ಮೊನ್ನೆ ಸಂಘದೋರು ಬೆಳಿಗ್ಗೆ ಶುಂಠಿ ಕೀಳಕ್ಕೆ ಓಗ್ಬುಟ್ಟು, ರಾಗೀನ ಸಂಜೆಗೆ ಉರುದ್ರು. ನೆನ್ನೆ ಬೆಳಿಗ್ಗೆ ನಾನು ಸುಮ್ಕೆ ಓಗಿ ಗ್ವಾಡೆ ಮುಟ್ತೀನಿ, ಬೆಚ್ಚಗದೆ ಕಣೆ! ಎತ್ತಿನ ಮೈ ಇದ್ದಂಗದೆ!"

ಆಗ ನನ್ನ ತಲೆಗೆ ಹೋಯಿತು. ಅಷ್ಟು ದಪ್ಪದ ಮಣ್ಣನ್ನು ದಾಟಿ ಬಿಸಿ ಈಚೆಗೆ ಬರಲು ಒಂದು ರಾತ್ರಿಯೇ ಬೇಕು. ಕಾಲೇಜಿನಲ್ಲಿ ಓದಿ ಪಾಸಾದದ್ದನ್ನೇ ಮರೆತಿದ್ದೆ, ಸ್ಟುಪಿಡ್ ಮಿ.

"ನಿನ್ ಗ್ವಾಡೆ ಕೆಟ್ಟದ್ದಲ್ಲ, ಸೋಮಾರಿ," ಎಂದು ಚಿಕ್ಕಮ್ಮ ನಕ್ಕಳು. "ಇನ್ ಮ್ಯಾಕೆ ಸಂಜೇನೇ ಉರೀರಿ ಅಂತ ಏಳಿವ್ನಿ. ಅವ್ರಿಗೂ ಬೆಳಿಗ್ಗೆ ಒಲದ ಕೆಲ್ಸ ಇರ್ತದೆ, ಊಂ ಅಂದ್ರು."

ಅವಳು ಅಲ್ಲಿ ಮೂರು ಚಳಿಗಾಲ ಕೂತಳು. ಮಧ್ಯಾಹ್ನದ ಸಾರಿನಿಂದ ಹಿಡಿದು ಊರಿನ ಎಲ್ಲ ಸೊಸೆಯರವರೆಗೆ ಆ ನಾಲ್ವರ ಬಾಯಿಗೆ ಬೀಳದ್ದು ಯಾವುದೂ ಇರಲಿಲ್ಲ. ಕೆಮ್ಮು ಪೂರಾ ಹೋಗಲಿಲ್ಲ. ಆದರೆ ಹರಟೆಯ ನಡುವೆ ಕೆಮ್ಮುವುದೇ ಬೇರೆ, ಒಬ್ಬಳೇ ಮಲಗಿ ಕೆಮ್ಮುವುದೇ ಬೇರೆ. ಈಗ ಅವಳಿಲ್ಲ. ಡಿಸೆಂಬರಿನಲ್ಲಿ ನಾನು ಮೊದಲ ಬಸ್ಸು ಹಿಡಿದು ಹೋಗುತ್ತೇನೆ. ಉಳಿದ ಮೂವರು ಸರಿದು ಜಾಗ ಬಿಡುತ್ತಾರೆ. "ಕುಂತ್ಕಳವ್ವ. ತಡ ಆಯ್ತು ಅಂತ ಬಯ್ಯೋಳೊಬ್ಳು ಇಲ್ಲ, ನಾವೇ ಬಯ್ಯಬೇಕು," ಎನ್ನುತ್ತಾಳೆ ಅವರಲ್ಲೊಬ್ಬಳು. ನಾನು ಕಾರ್ಡಿಗನ್ ಬಿಚ್ಚಿ ಮಡಿಲಲ್ಲಿಟ್ಟುಕೊಂಡು, ಬೆನ್ನನ್ನು ಪೂರ್ತಿ ಗೋಡೆಗೆ ಆನಿಸುತ್ತೇನೆ.